ಹೂದಾನಿಯ ಹಿಂದಿನ ಮೀನು

ಮನೆಯ ಒಲೆ ಕೆಟ್ಟು ಕೂತದ್ದೇ ಎಲ್ಲಕ್ಕೂ ಮೂಲವಾಯಿತು. ಸಂಜೆ ಸಿಕ್ಸ್ಟನ್‌ನ ಮಾವ ಊಟಕ್ಕೆ ಬರುವವನಿದ್ದ.

"ಅಷ್ಟು ದೊಡ್ಡ ಗಾಜಿನ ಕಾರ್ಖಾನೇಲಿ ಕೆಲಸ ಮಾಡ್ತೀರಿ. ಒಂದು ಬಾಣಲೆ ಮೀನು ಬೇಯಿಸ್ಕೊಂಡು ಬರೋಕಾಗಲ್ವಾ?" ಎನ್ನುತ್ತ ಯೋರ್ಡಿಸ್, ಉಪ್ಪು ಹಚ್ಚಿದ ಹೆರ್ರಿಂಗ್ ಮೀನಿನ ಬಾಣಲೆಯನ್ನು ಗಂಡ ಸಿಕ್ಸ್ಟನ್‌ನ ಕೈಗಿಟ್ಟಳು.

ಊದಿದ ಗಾಜು ಬಿರಿಯದಂತೆ ನಿಧಾನವಾಗಿ ತಣಿಸುವ ಒಲೆಯಲ್ಲಿ, ಉರಿ ಇಳಿದ ಮೇಲೆ ಮೀನು ಬೇಯಿಸಿಕೊಳ್ಳುವುದು ಸ್ಮೋಲಂಡ್ ಸೀಮೆಯ ಗಾಜುಗಾರರಿಗೆ ತಾತನ ಕಾಲದ ಅಭ್ಯಾಸ. ಆದರೆ ಹೊಸ ಯಜಮಾನ ಲಿಂಡ್‌ಕ್ವಿಸ್ತ್‌ಗೆ ಮೀನಿನ ವಾಸನೆ ಕಂಡರಾಗದು. ಒಲೆಯಲ್ಲಿ ಮೀನು ಸಿಕ್ಕರೆ ಕೆಲಸ ಹೋಯಿತೆಂದೇ ತಿಳಿಯಿರಿ ಎಂದು ಅವನು ಗುಡುಗಿದ್ದ.

ಸಿಕ್ಸ್ಟನ್ ಕಳ್ಳಬೆಕ್ಕಿನಂತೆ ಹೋಗಿ, ಆರುತ್ತಿದ್ದ ಸಣ್ಣ ಒಲೆಯ ಹಿಂಮೂಲೆಗೆ ಬಾಣಲೆ ತಳ್ಳಿದ. ಗಾಜು ಪ್ಯಾಕ್ ಮಾಡುವ ಗುನ್ನೆಲ್ ಹಿಂದೆಯೇ ನಿಂತಿದ್ದಳು. ಸಂಜೆ ಮಾವ ಊಟಕ್ಕೆ ಬರುತ್ತಾನೆಂದು ಅವನು ಪಿಸುಗುಟ್ಟಿದ.

"ಈರುಳ್ಳಿ ಇಲ್ಲದ ಹೆರ್ರಿಂಗಾ? ಮಾವನಿಗೆ ಊಟವೋ ಶಿಕ್ಷೆಯೋ?" ಎಂದು ತನ್ನ ಚೀಲದಿಂದ ಎರಡು ಈರುಳ್ಳಿ ತೆಗೆದು ಹೆಚ್ಚಿ ಹಾಕಿದಳು.

ಗಾಜು ಊದುವ ಹಿರಿಯ ಮೇಸ್ತ್ರಿ ಎಲೋಫ್ ಬಂದು ಮೇಲೆ ಹಂದಿಕೊಬ್ಬು ಹರಡಿದ. "ನನಗೂ ಒಂದು ಪಾಲು ಇಡಪ್ಪ. ಬಾಯಿ ಮುಚ್ಕೊಂಡಿರೋದಕ್ಕೆ."

ಪೆಟ್ಟಿಗೆಗಳನ್ನು ಪೇರಿಸಿ ಮರಳಿದ ಸಿಕ್ಸ್ಟನ್ ಬಾಣಲೆ ತೆಗೆಯಲು ಬಗ್ಗಿ ಹೌಹಾರಿದ. ಒಲೆಯ ಉಷ್ಣಮಾಪಕದ ಮುಳ್ಳು ಐನೂರು ಡಿಗ್ರಿ ತೋರಿಸುತ್ತಿತ್ತು!

"ಸ್ಟಾಕ್‌ಹೋಮಿನ ಸಿಗ್ನೆ ಮೇಡಂ ಆರ್ಡರ್ ಕೊಟ್ಟಿದ್ದ ಹೂದಾನಿ ಕೊನೆಗೂ ಒಡೀದೆ ಬಂತು ಕಣೋ. ಅದಕ್ಕೇ ಉರಿ ಏರಿಸಿ ಒಳಗಿಟ್ಟೆ," ಎಂದು ಎಲೋಫ್ ಬೆವರೊರೆಸಿಕೊಂಡ.

"ಮೇಸ್ತ್ರಿ, ಒಳಗೆ ಮೀನಿದೆ!"

ಎಲೋಫ್‌ನ ಮುಖ ಸುಣ್ಣವಾಯಿತು. "ಅಯ್ಯೋ, ಮರೆತೇಬಿಟ್ನಲ್ಲೋ! ಈಗ ಬಾಗಿಲು ತೆಗೆದ್ರೆ ತಣ್ಣನೆ ಗಾಳಿ ಬಡಿದು ಹೂದಾನಿ ಚೂರಾಗುತ್ತೆ. ಸಂಜೆವರೆಗೂ ಮುಟ್ಟೋ ಹಾಗಿಲ್ಲ."

ಮಧ್ಯಾಹ್ನದ ಹೊತ್ತಿಗೆ ಬಾಗಿಲಿನ ಸಂದಿಯಿಂದ ಹೊಗೆ ಹೊರಟಿತು. ಗುನ್ನೆಲ್ ಸಂದಿಗೆ ಜೇಡಿಮಣ್ಣು ಮೆತ್ತಿದಳು. ಎಲೋಫ್ ವಾಸನೆ ಮುಚ್ಚಲೆಂದು ರೈಲಿನ ಹಾಗೆ ಪೈಪ್ ಸೇದಿದ. ಅಷ್ಟರಲ್ಲಿ ಯಜಮಾನ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಂದ.

"ಏನಿದು ಹಾಳು ವಾಸನೆ?"

"ಸಿಕ್ಸ್ಟನ್ ಸಾಕ್ಸ್, ಯಜಮಾನರೇ," ಎಂದಳು ಗುನ್ನೆಲ್, ರೆಪ್ಪೆ ಮಿಟುಕಿಸದೆ.

ಯಜಮಾನ ಅಲ್ಲೇ ಅವನ ಸಾಕ್ಸ್ ಕಳಚಿಸಿ ಹೊರಗೆ ಬಿಸಾಡಿಸಿದ. ವಾಸನೆ ಇನ್ನಷ್ಟು ಜೋರಾಯಿತು.

ಸಂಜೆ ಹೂದಾನಿ ಒಯ್ಯಲು ಬಂದ ಸಿಗ್ನೆ ಮೇಡಂ ಎದುರಿಗೇ ಒಲೆಯ ಬಾಗಿಲು ತೆರೆಯಿತು. ಸ್ಫಟಿಕದಂತೆ ಹೊಳೆಯಬೇಕಿದ್ದ ಹೂದಾನಿಯ ತಳದಿಂದ ಕುತ್ತಿಗೆಯವರೆಗೆ ಕಂದು ಹೊಗೆ ಸುರುಳಿಸುರುಳಿಯಾಗಿ ಅಂಟಿತ್ತು. ಹಿಂಮೂಲೆಗೆ ಕರಿ ಹೊಗೆ ಮುಸುಕಿದ್ದರಿಂದ ಬಾಣಲೆ ಯಾರ ಕಣ್ಣಿಗೂ ಬೀಳಲಿಲ್ಲ.

"ಯಾರ ಕೆಲಸ ಇದು?" ಯಜಮಾನ ಗರ್ಜಿಸಿದ.

ಎಲೋಫ್, ಗುನ್ನೆಲ್ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಸಿಕ್ಸ್ಟನ್ ಒಬ್ಬನೇ ಮುಂದುಳಿದ.

ಸಿಗ್ನೆ ಹೂದಾನಿಯ ಸುತ್ತ ಮೆಲ್ಲನೆ ನಡೆದಳು. ಅವಳ ಕಣ್ಣಲ್ಲಿ ನೀರು!

"ನವೆಂಬರ್ ಮಂಜು... ವರ್ಷಗಟ್ಟಲೆ ಈ ಬಣ್ಣಕ್ಕೇ ಹುಡುಕಾಡ್ತಿದ್ದೆ! ನನಗೆ ಇಂಥವು ನಲವತ್ತು ಬೇಕು."

ಎಲ್ಲರೂ ದಂಗಾದರು. ಮೊದಲು ಚೇತರಿಸಿಕೊಂಡವನು ಎಲೋಫ್. "ಹಂದಿಕೊಬ್ಬಿನ ಹೊಗೆ, ಮೇಡಂ. ನನ್ನದೇ ಉಪಾಯ."

"ನನ್ನ ಈರುಳ್ಳಿ ಇಲ್ದೆ ಆ ಹೊಂಬಣ್ಣ ಬರ್ತಿತ್ತಾ?" ಗುನ್ನೆಲ್ ನುಗ್ಗಿದಳು.

ಯಜಮಾನ ಹಿಗ್ಗಿ ಇಬ್ಬರ ಕೈಯನ್ನೂ ಕುಲುಕಿದ. ಇಬ್ಬರಿಗೂ ಬಡ್ತಿ ಎಂದು ಅಲ್ಲೇ ಸಾರಿದ. ಸಿಕ್ಸ್ಟನ್‌ಗೆ ತಡೆಯಲಾಗಲಿಲ್ಲ. ಎದೆಯುಬ್ಬಿಸಿ ಹೇಳಿಯೇಬಿಟ್ಟ: "ಯಜಮಾನರೇ, ಕೊಬ್ಬು, ಈರುಳ್ಳಿ ಎಲ್ಲ ಮೇಲೆ ಬಿದ್ದಿದ್ದು. ಅಸಲಿಗೆ ಒಳಗಿದ್ದ ಮೀನು ನಂದು!"

ಕುಲುಕುತ್ತಿದ್ದ ಕೈ ನಿಂತಿತು.

"ಮೀನಾ? ನನ್ನ ಒಲೇಲಿ ಮೀನಾ? ನಾಳೆಯಿಂದ ನೀನು ಇಲ್ಲಿಗೆ ಬರೋದು ಬೇಡ!"

ಸಿಕ್ಸ್ಟನ್ ಟೋಪಿ ಎತ್ತಿಕೊಂಡು ಬಾಗಿಲ ಕಡೆ ತಿರುಗಿದ. ಎಲೋಫ್ ಛಾವಣಿ ನೋಡುತ್ತಿದ್ದ. ಗುನ್ನೆಲ್‌ಗೆ ಮಾತ್ರ ಸಿಕ್ಸ್ಟನ್ ಮೇಲೆ ಕನಿಕರ ಬಂತು. ಹತ್ತಿರ ಬಂದು ಹೆಗಲು ತಟ್ಟಿ ಪಿಸುಗುಟ್ಟಿದಳು:

"ಬೇಜಾರ್ ಮಾಡ್ಕೋಬೇಡ ಕಣೋ. ಹೋಗೋಕ್ಮುಂಚೆ ಒಂದು ಹೇಳು, ಆ ಮೀನು ಯಾವ ಅಂಗಡೀದು? ಇನ್ನೂ ನಲವತ್ತು ಹೂದಾನಿ ಮಾಡ್ಬೇಕಲ್ಲ!"