ಓವರ್‌ಸಿಯರರನ್ನು ಹಾಡಿನಲ್ಲಿ ಬಯ್ಯುವ ಕ್ರಮದ ಬಗ್ಗೆ

ಕಟ್ಟಡ ಜೀರ್ಣೋದ್ಧಾರ ಉಪಶಾಖೆ, ಚಾಮರಾಜನಗರ
ಸಂಖ್ಯೆ: ಜೀ.ಉ.ಶಾ./ತಾರಸಿ/ಬೈಗುಳ/27/1956-57
ದಿನಾಂಕ: 17-5-1956

ವಿಷಯ: ಗುಂಡ್ಲುಪೇಟೆ ತಾಲ್ಲೂಕು ಬೇವಿನಕಟ್ಟೆಯ ಭೋಗೇಶ್ವರ ದೇವಸ್ಥಾನದ ಗಾರೆ ತಾರಸಿ, ಅದನ್ನು ಬಡಿಯುವ ಹೆಣ್ಣಾಳುಗಳು ಮತ್ತು ಅವರ ಬಾಯಿ.

ಉಲ್ಲೇಖ: 1. ಈ ಕಚೇರಿಯ ಹಾಡು ನಿಷೇಧದ ಆದೇಶ, ದಿ. 20-4-1956.
2. ಗ್ರಾಮಫೋನ್ ಪ್ರಯೋಗದ ವರದಿ, ದಿ. 5-5-1956.
3. ಓವರ್‌ಸಿಯರರು ಹಾಡಿದ್ದು, ದಿ. 14-5-1956.

ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸಿ ಅರೆದ ಗಾರೆಯನ್ನು ಚಾವಣಿಗೆ ಹಾಸಿ, ಹನ್ನೆರಡು ಮಂದಿ ಹೆಣ್ಣಾಳುಗಳು ಸಾಲಾಗಿ ಕುಳಿತು ಮರದ ಕೊಡತಿಯಿಂದ ಬಡಿಯುವುದು ಹಿಂದಿನಿಂದ ಬಂದ ಪದ್ಧತಿ. ಹನ್ನೆರಡು ಏಟೂ ಒಟ್ಟಿಗೆ ಬೀಳಬೇಕು. ಒಟ್ಟಿಗೆ ಬೀಳಲು ಹಾಡು ಬೇಕು. ಹಾಡು ನಡೆಯಲು ಯಾರನ್ನಾದರೂ ಬಯ್ಯಬೇಕು. ಎದುರಿಗೆ ನಿಂತಿದ್ದವರು ಓವರ್‌ಸಿಯರ್ ಶ್ರೀ ಗೋವಿಂದಯ್ಯನವರು.

"ಕೊಡೆ ಇಡ್ಕಂಡು ನಿಂತವ್ನೆ ಕೊಕ್ಕರೆ ಕಣಕ್ಕ, ಬಡಿಯೇ" ಎಂಬುದು ಕಡತಕ್ಕೆ ಸೇರಿಸಬಹುದಾದ ಒಂದೇ ಸಾಲು.

ಏಪ್ರಿಲ್ 18ರ ಮಳೆಗೆ ಈಶಾನ್ಯ ಮೂಲೆ ಸೋರಿ, ಲಿಂಗದ ಮೇಲೆ ಇಲಾಖೆಯ ಅನುಮತಿಯಿಲ್ಲದೆ ಅಭಿಷೇಕವಾಯಿತು. ಗಮನವೆಲ್ಲ ಬೈಗುಳದಲ್ಲಿದ್ದುದೇ ಕಾರಣವೆಂದು ತೀರ್ಮಾನಿಸಿ ಹಾಡನ್ನು ನಿಷೇಧಿಸಲಾಯಿತು. ಮೇ 15ರಿಂದ ಹನ್ನೆರಡು ಮಂದಿಯನ್ನೂ ಬಿಡಿಸಿ, ಇಡೀ ಚಾವಣಿಗೆ, ಬಡಿಯಬೇಕಿಲ್ಲದ ಸಿಮೆಂಟ್ ಹಾಕಲಾಗುವುದೆಂದು ನೋಟೀಸು ನೀಡಲಾಯಿತು. ನೋಟೀಸನ್ನು ಓದಿ ಹೇಳುವಾಗ ಗೋವಿಂದಯ್ಯನವರು ಎರಡು ಬಾರಿ ಸಾಲು ತಪ್ಪಿದರು. ಧೂಳಿನಿಂದ ಎಂದು ನಮೂದಿಸಲಾಗಿದೆ.

ಅನಂತರ ಮೌನದಲ್ಲಿ ಬಡಿಯಲಾಗಿ, ಏಟುಗಳು ದಿಕ್ಕಿಗೊಂದು ಬಿದ್ದವು. ಗುಂಪಿನ ಹಿರಿಯಾಳು ದೊಡ್ಡಮಲ್ಲಮ್ಮನವರು ಕೊಟ್ಟ ಸಮಜಾಯಿಷಿ: "ಬಾಯ್ ಕಟ್ಟುದ್ರೆ ಕೈ ಎಂಗ್ ಏಳದು ಬುದ್ದೀ?" ಆಗ ಆಧುನಿಕ ಕ್ರಮವಾಗಿ ಗ್ರಾಮಫೋನ್ ತರಿಸಲಾಯಿತು. ಕೀಲಿ ಸಡಿಲವಾದಂತೆ ಹಾಡೂ ನಿಧಾನವಾಗಿ, ಏಟೂ ನಿಧಾನವಾಗಿ, ಚಾವಣಿಯು ಅಲೆಅಲೆಯಾಯಿತು.

ನೋಟೀಸಿನ ಕೊನೆಯ ದಿನ ಗೋವಿಂದಯ್ಯನವರು ಚಾವಣಿ ಹತ್ತಿದರು. ಬೈಗುಳವಿದ್ದಾಗ ಬೇಡವಾಗಿದ್ದ ಆ ಚಾವಣಿ, ಬೈಗುಳವಿಲ್ಲದಾಗ ಇನ್ನೂ ಬೇಡವಾಯಿತೆಂದು ಅವರೇ ಬರೆದುಕೊಟ್ಟಿದ್ದಾರೆ. ಬಳಿಕ ಕೊಡೆ ಮಡಚಿ, ಸಾಲಿನ ತುದಿಯಲ್ಲಿ ಕುಳಿತು, ಕೊಡತಿ ಎತ್ತಿ ಹಾಡಿದರು:

"ಸಂತೆ ದಿನ ನೀವಿಲ್ದಾಗ ಸಿಮೆಂಟ್ ಸುರ್ದವ್ನು ನಾನೇ ಕಣಕ್ಕ, ಬಡಿಯೇ
ಒಂದಿನ ಬೈಸ್ಕಳ್ದೆ ಇರಾನ ಅಂತ ಮೂಲೆ ಕೆಡಿಸ್ದವ್ನು ನಾನೇ ಕಣಕ್ಕ, ಬಡಿಯೇ"

ರಾಗ ಸರಿಯಿರಲಿಲ್ಲ. ಹದಿಮೂರು ಏಟೂ ಒಟ್ಟಿಗೆ ಬಿದ್ದವು. "ಇದ ಮೊದ್ಲೇ ಯೋಳಕ್ಕೆ ನಿಂಗೇನ್ಲಾ ದಾಡಿ?" ಎಂದು ದೊಡ್ಡಮಲ್ಲಮ್ಮನವರು ಏಕವಚನದಲ್ಲಿ ವಿಚಾರಿಸಿದ್ದು, ಸದರಿ ಏಕವಚನವನ್ನು ಗೋವಿಂದಯ್ಯನವರು ಆಕ್ಷೇಪಣೆಯಿಲ್ಲದೆ ಸ್ವೀಕರಿಸಿದ್ದಾರೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಹೆಣ್ಣಾಳುಗಳನ್ನು ಬಿಡಿಸುವ ನೋಟೀಸನ್ನು ರದ್ದುಪಡಿಸಲಾಗಿದೆ. ಮುಂಗಾರಿಗೆ ಮೊದಲು ಗಾರೆಯನ್ನು ಅವರೇ ಮುಗಿಸತಕ್ಕದ್ದು.

2. ಗಾರೆಗೆ ಕೂಡದೆ ಬಿರುಕುಬಿಟ್ಟ ಈಶಾನ್ಯ ಮೂಲೆಯ ಸಿಮೆಂಟನ್ನು ಗೋವಿಂದಯ್ಯನವರು ಸ್ವಂತ ಕೈಯಿಂದ ಒಡೆದು ತೆಗೆಯತಕ್ಕದ್ದು. ಆ ಅವಧಿಯಲ್ಲಿ ಮೇಲ್ವಿಚಾರಣೆಯನ್ನೂ ಕೊಡೆಯನ್ನೂ ದೊಡ್ಡಮಲ್ಲಮ್ಮನವರಿಗೆ ವಹಿಸಲಾಗಿದೆ.

3. ಕೆಲಸದ ವೇಳೆಯಲ್ಲಿ ಬಯ್ಯಲು ಅನುಮತಿಸಲಾಗಿದೆ. ಜಾತಿ, ಹೆಂಡತಿ, ಸತ್ತವರು ಹೊರತು. ಮೂಗು, ನಡಿಗೆ, ಕೈಬರಹ ಮತ್ತು ಊಟ ಮಾಡುವಾಗಿನ ಸದ್ದು ಸೇರಿ.

4. ಒಂದೇ ದೋಷವನ್ನು ಎರಡು ದಿನಕ್ಕಿಂತ ಹೆಚ್ಚು ಹಾಡತಕ್ಕದ್ದಲ್ಲ. ಹಳಸಿದ ದೋಷದಿಂದ ಗಾರೆ ಗಟ್ಟಿಯಾಗುವುದಿಲ್ಲ.

5. ಬೈಸಿಕೊಳ್ಳುವ ಅಧಿಕಾರಿಯು ನಗತಕ್ಕದ್ದಲ್ಲ. ಹೌದೆಂದು ತಲೆಯಾಡಿಸುವುದನ್ನೂ ನಿಷೇಧಿಸಲಾಗಿದೆ.

6. ಅಲೆಅಲೆಯಾದ ಭಾಗವನ್ನು ನಕ್ಷೆಯಲ್ಲಿ "ಆಧುನಿಕ ಶೈಲಿ" ಎಂದು ಗುರುತಿಸಲಾಗುವುದು.

7. ಆದರೆ ತಪ್ಪೊಪ್ಪಿಗೆಯ ನಂತರ ಗೋವಿಂದಯ್ಯನವರನ್ನು ಬಯ್ಯಲು ಹೆಣ್ಣಾಳುಗಳಿಗೆ ಬಾಯಿ ಬರುತ್ತಿಲ್ಲ. "ಪಾಪ, ಒಪ್ಕಂಡವ್ನ ಎಂಗ್ ಬೋಯ್ಯದು?" ಎಂಬುದು ಅವರ ಒಕ್ಕೊರಲ ಹೇಳಿಕೆ. ಕೆಲಸ ಮತ್ತೆ ನಿಂತಿದೆ. ಬೇರೊಬ್ಬರನ್ನು ತುರ್ತಾಗಿ ನೇಮಿಸಬೇಕಾಗಿದೆ. ಅರ್ಚಕ ಮುದ್ದಯ್ಯನವರು ತಾವಾಗಿ ಮುಂದೆ ಬಂದರೂ, ಕಿವಿ ಕೇಳದ ಕಾರಣ ಅನರ್ಹರೆಂದು ಕಂಡುಬಂದಿದೆ.

8. ಯಾರಾದರೆ ಅನುಕೂಲವೆಂದು ಹೆಣ್ಣಾಳುಗಳನ್ನೇ ಕೇಳಲಾಗಿ, ಹನ್ನೆರಡು ಮಂದಿಯೂ ತಡಮಾಡದೆ ಒಂದೇ ಹೆಸರು ಹೇಳಿದ್ದಾರೆ. ಸದರಿಯವರು ವಿಚಾರಣೆಯಿಲ್ಲದೆ ನೋಟೀಸು ಕೊಟ್ಟವರೆಂದೂ, ಗ್ರಾಮಫೋನ್ ತಂದವರೆಂದೂ, ಒಂದು ದಿನವೂ ಚಾವಣಿ ಹತ್ತಿ ನೋಡದವರೆಂದೂ ದೃಢಪಟ್ಟಿದೆ. ಅವರು ಸೋಮವಾರ ಬೆಳಗ್ಗೆ ಎಂಟಕ್ಕೆ ಚಾವಣಿಯ ಮೇಲೆ ಹಾಜರಿರತಕ್ಕದ್ದು.

(ಸಹಿ) ಶಿವರುದ್ರಸ್ವಾಮಿ
ಸಹಾಯಕ ಇಂಜಿನಿಯರು
ಸೋಮವಾರದಿಂದ: ಬೈಸಿಕೊಳ್ಳುವ ಅಧಿಕಾರಿ

ಪ್ರತಿಗಳು:
1. ಅರ್ಚಕ ಮುದ್ದಯ್ಯನವರಿಗೆ, ಗಟ್ಟಿಯಾಗಿ.
2. ಗ್ರಾಮಫೋನ್ ಕೊಟ್ಟವರಿಗೆ, ಪೆಟ್ಟಿಗೆಯೊಂದಿಗೆ.
3. ದೊಡ್ಡಮಲ್ಲಮ್ಮನವರಿಗೆ, ಓದಿ ಹೇಳಿ ಹೆಬ್ಬೆಟ್ಟು ಪಡೆಯುವುದು.
4. ಶ್ರೀ ಗೋವಿಂದಯ್ಯನವರಿಗೆ: ಹತ್ತು ವರ್ಷ ಕೈಕೆಳಗೆ ದುಡಿದ ಅನುಭವದಿಂದ, ಸಹಿ ಮಾಡಿದವರ ದೋಷಗಳ ಪಟ್ಟಿಯನ್ನು ಶನಿವಾರದೊಳಗೆ ಹೆಣ್ಣಾಳುಗಳಿಗೆ ಒದಗಿಸತಕ್ಕದ್ದು. ಅದಕ್ಕಾಗಿ ಒಂದು ಖಾಲಿ ಹಾಳೆ ಲಗತ್ತಿಸಿದೆ. ಸಾಲದು ಎಂದು ತಾವು ನಿನ್ನೆಯೇ ತಿಳಿಸಿರುವುದರಿಂದ, ಉಳಿದ ದಸ್ತಾ ಕಾಗದವನ್ನು ಜವಾನರ ಕೈಯಲ್ಲಿ ಕಳುಹಿಸಿದೆ.