ಅಳಿಸಬಹುದಾದ ಡಿಸ್ಕು

ಕಿವಿಯಣ್ಣ ಬೆಳಿಗ್ಗೆ ಬಂದವನೇ ಹೆಗಲಿಗೆ ಹಾಕುವ ರೆಕಾರ್ಡರನ್ನು ಮೆತ್ತನೆ ಬಟ್ಟೆಯಿಂದ ಒರೆಸಿದ. ಬ್ಯಾಟರಿ ಡಬ್ಬಿಯ ತುಕ್ಕು ಕೆರೆದ. ಮೈಕಿನ ಸ್ಪಂಜಿಗೆ ಅಂಟಿದ್ದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ಹೆಕ್ಕಿದ.

ರೇಡಿಯೋ ಕೇಂದ್ರಕ್ಕೆ ಹೊರಗಿನ ಸದ್ದು ಹಿಡಿದು ತರುವುದು ಅವನ ಕೆಲಸ. ರೆಕಾರ್ಡರಿಗೆ ಯಾವ ಡಿಸ್ಕು ಕೊಳ್ಳಬೇಕೆಂದು ಅಂದು ನಾಲ್ಕು ಗಂಟೆಗೆ ತೀರ್ಮಾನ. ಅಂಗಡಿಯವನು ಎರಡು ಮಾದರಿ ಕೊಟ್ಟಿದ್ದ. ಒಂದು ಅಳಿಸಿ ಮತ್ತೆ ಮತ್ತೆ ಬಳಸುವಂಥದ್ದು. ಇನ್ನೊಂದು ಒಮ್ಮೆ ತುಂಬಿದರೆ ಮುಗಿಯಿತು. ಕಿವಿಯಣ್ಣನಿಗೆ ಮೊದಲನೆಯದೇ ಬೇಕು. ಇಲ್ಲದಿದ್ದರೆ ಕೆಸರಿನಲ್ಲಿ ಮೂಟೆಗಟ್ಟಲೆ ಡಿಸ್ಕು ಹೊರಬೇಕು. ಹನ್ನೊಂದು ದಿನ ಸೊಳ್ಳೆಗಳಿಗೆ ಊಟವಾಗಿ, ಜೌಗಿನ ಹಕ್ಕಿಯೊಂದರ ಕೂಗನ್ನು ಆ ಅಳಿಸುವ ಡಿಸ್ಕಿನಲ್ಲೇ ತಂದಿದ್ದ. ಅದು ಮೇಲಧಿಕಾರಿಣಿಗೆ ಹಿಡಿಸದಿದ್ದರೆ ಅವನ ತಿರುಗಾಟಕ್ಕೆ ಕಲ್ಲು ಬಿದ್ದಂತೆ. ಮುಂದೆ ಉಗ್ರಾಣವೇ ಗತಿ.

ಟೈಪಿಸ್ಟ್ ಅಕ್ಕ ಇಣುಕಿದಳು. "ನಿಜವಾಗ್ಲೂ ಅಳಿಸುತ್ತೇನೋ ಇದು?"

"ಗುರುತೂ ಉಳಿಯಲ್ಲ ಅಕ್ಕ."

"ನಿನ್ನೆ ನಮ್ಮತ್ತೆಗೆ ಒಂದು ಮಾತು ಅಂದ್ಬಿಟ್ಟೆ ಕಣೋ. ಅಳಿಸ್ಕೊಡು."

ಬೇಡ ಎನ್ನುವುದು ಕಿವಿಯಣ್ಣನಿಗೆ ಹುಟ್ಟಿನಿಂದ ಬಾರದ ವಿದ್ಯೆ. ಅವನು ತೊದಲುವುದರೊಳಗೆ ಅವಳು ಗುಂಡಿ ಒತ್ತಿ, "ನಿಮ್ಮ ಗೊರಕೆಗೆ ಗೋಡೆ ಸುಣ್ಣ ಉದುರುತ್ತೆ" ಎಂದು ಮೈಕಿಗೆ ಹೇಳಿ, ಅಳಿಸಿ, ಹತ್ತಿಯಂತೆ ಹಗುರಾಗಿ ಹೊರಟಳು. ಹಕ್ಕಿಯ ಕೂಗಿದ್ದ ಜಾಗದಲ್ಲಿ ಈಗ ಅತ್ತೆಯೂ ಇಲ್ಲ, ಹಕ್ಕಿಯೂ ಇಲ್ಲ.

ಸುದ್ದಿ ಹಬ್ಬಿತು. ಊಟದ ಹೊತ್ತಿಗೆ ಕ್ಯೂ ಮೆಟ್ಟಿಲಿಳಿದು ಗೇಟು ಮುಟ್ಟಿತ್ತು. ಡ್ರೈವರ್ ಮಾವ ಭಾವಮೈದನಿಗೆ "ಬಂದು ನಾಲ್ಕು ದಿನ ಇದ್ಹೋಗು" ಅಂದಿದ್ದನ್ನು ಅಳಿಸಿಕೊಂಡ. ವಾರ್ತೆ ಓದುವವರು ಗಂಟಲು ಸರಿಮಾಡಿಕೊಂಡು, ಹೆಣ್ಣು ನೋಡಲು ಹೋದ ದಿನ ತಾವು ಹೇಳಿದ "ಹೂಂ" ಅಳಿಸಬೇಕೆಂದರು.

"ಸರ್, ಇದು ಡಿಸ್ಕಲ್ಲಿರೋದನ್ನ ಮಾತ್ರ ಅಳಿಸೋದು!"

"ಓಹೋ, ಅವರಿಗೆಲ್ಲ ಅಳಿಸ್ಕೊಟ್ಟೆ. ನಮ್ಮ ಸರದಿ ಬಂದಾಗ ಕಾನೂನು!"

ಮೂರೂ ಮುಕ್ಕಾಲಿಗೆ ಕಿವಿಯಣ್ಣ ರೆಕಾರ್ಡರನ್ನು ಕಿತ್ತುಕೊಂಡು ಟಾಯ್ಲೆಟ್ಟಿಗೆ ನುಗ್ಗಿ, ಚಿಲಕ ಹಾಕಿ, ಮೂಗು ಹಿಡಿದು ತಾನೇ ಹಕ್ಕಿಯಂತೆ ಮೈಕಿಗೆ ಕೂಗಿದ. ಬಾಗಿಲ ಸಂದಿಗೆ ಬಾಲ ಸಿಕ್ಕ ಬೆಕ್ಕು ಸಂಗೀತ ಪರೀಕ್ಷೆಗೆ ಕೂತಂತಿತ್ತು.

ಮೇಲಧಿಕಾರಿಣಿ ಅದನ್ನು ಕೇಳಿದರು. ಅವರ ಕಣ್ಣು ಒದ್ದೆಯಾಯಿತು.

"ಇಂಥಾದ್ದನ್ನ ಅಳಿಸೋ ಡಿಸ್ಕಲ್ಲಿ ಇಡ್ತಾರೇನ್ರೀ?"

ಅಲ್ಲೇ ಅದನ್ನು ಅಳಿಸಲಾಗದ ಡಿಸ್ಕಿಗೆ ಇಳಿಸಿಕೊಂಡರು. ಅಂಥವೇ ಐನೂರು ತರಿಸಲು ಸಹಿ ಹಾಕಿದರು. ಆಮೇಲೆ ವಯಸ್ಸಾದ ಪಕ್ಷಿತಜ್ಞರೊಬ್ಬರಿಗೆ ಫೋನಿನಲ್ಲಿ ಕೇಳಿಸಿದರು. ಮುದುಕರ ಚೀರಾಟ ಕೋಣೆಗೆಲ್ಲ ಕೇಳಿತು.

"ಲೋಕಕ್ಕೇ ಹೊಸ ಹಕ್ಕಿ ಕಣಮ್ಮಾ ಇದು! ಒಂಟಿ ಗಂಡು. ಹೆಣ್ಣನ್ನ ಕರೀತಿದೆ!"

ಮೇಲಧಿಕಾರಿಣಿ ಫೋನಿಟ್ಟು ಕಿವಿಯಣ್ಣನ ಕೈ ಕುಲುಕಿದರು. "ನಾಳೆ ಬೆಳಿಗ್ಗೆ ಆರಕ್ಕೆ ಬರ್ತಾರಂತೆ, ಬಲೆ ಸಮೇತ. ಹಕ್ಕೀನ ನೀವೇ ತೋರಿಸ್ಬೇಕು."

ಚಪ್ಪಾಳೆ ಬಿತ್ತು. ಇನ್ನೊಮ್ಮೆ ಕೇಳೋಣವೆಂದು ಎಲ್ಲರೂ ಹೆಡ್‌ಫೋನ್ ಏರಿಸಿಕೊಂಡು ಕಣ್ಣು ಮುಚ್ಚಿದರು. ಕಿವಿಯಣ್ಣ ಮೇಲಧಿಕಾರಿಣಿಯ ಮೇಜಿನತ್ತ ಬಾಗಿದ.

"ಮೇಡಂ, ನಾಳೆ ಒಂದಿನ ನಂಗೆ ರಜೆ ಕೊಡ್ತೀರಾ?"