ನಮ್ಮ ಮೈದಾನದ ಕೋಚನ್ನು ತೆಗೆಯಲು ಹೊರಟವರು

ಆ ಮಣೆ ಎಳೆದುಕೊಂಡು ಕೂತುಕೊಳ್ಳಿ. ಫ್ಯಾನಿನ ಕೆಳಗೆ ಬೇಡ, ಅದು ಕಟಕಟ ಅಂತ ನನಗಿಂತ ಜಾಸ್ತಿ ಮಾತಾಡುತ್ತದೆ. ಚಹಾ ಆಮೇಲೆ ಕೊಡುತ್ತೇನೆ. ಮೊದಲೇ ಕೊಟ್ಟರೆ ಕುಡಿದು ಎದ್ದು ಹೋಗುವವರೇ ಎಲ್ಲ.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮದುವೆಯಾಗಿ ಉಡುಪಿ ಕಡೆಯಿಂದ ಮುಂಬೈಯ ಭಾಂಡುಪಿನ ಈ ಚಾಳಿಗೆ, ಈ ಸಾಲುಮನೆಗೆ ಬಂದವಳು, ಕಲಿತದ್ದೆಲ್ಲ ಈ ಬಾಗಿಲಲ್ಲಿ ಕೂತೇ. ಬಾಗಿಲ ಎದುರು ಮೈದಾನ, ಮೈದಾನದ ಅಂಚಿಗೆ ಕಲ್ಲಿನ ಕಟ್ಟೆ. ಮೈದಾನದಲ್ಲಿ ಹುಡುಗರು ಬೆವರುತ್ತಾರೆ, ಕಟ್ಟೆಯ ಮೇಲೆ ಮೂರು ಜನ ಕೂತು ಬುದ್ಧಿ ಹೇಳುತ್ತಾರೆ. ಮೈದಾನದಲ್ಲಿ ಗೋಲು ಆಗುವುದು ಯಾವತ್ತೋ ಒಮ್ಮೆ. ಕಟ್ಟೆಯ ಮೇಲೆ ನಗುವಂಥದ್ದು ಆಗುವುದು ದಿನಾ.

ಸೋಲುವ ಸಾಂಬಾರು

ನಮ್ಮ ಕನ್ನಡ ಸಂಘಕ್ಕೆ ಒಂದು ಫುಟ್‌ಬಾಲ್ ಟೀಮು ಉಂಟು. ಆಡುವವರು ಹೋಟೆಲಿನ ಹುಡುಗರು. ಬೆಳಿಗ್ಗೆ ಇಡ್ಲಿ ಪ್ಲೇಟಿನ ಹಿಂದೆ ಓಡಿದವರು ಸಂಜೆ ಚೆಂಡಿನ ಹಿಂದೆ ಓಡಬೇಕು. ಅವರಿಗೆ ಕಲಿಸುವ ಕೋಚ್ ಧಾರವಾಡದ ಕಡೆಯವನು. ಹಗಲು ಎಲ್ಲೋ ಕಟ್ಟಡದ ಕೆಲಸ ನೋಡಿಕೊಂಡು ಬಂದು ಸಂಜೆ ಇಲ್ಲಿ ಸೀಟಿ ಊದುತ್ತಾನೆ. ಸಂಘ ಅವನಿಗೆ ಸಂಬಳ ಕೊಡುವುದಿಲ್ಲ. ಅದರ ಬದಲು ಸಂಘದ ಕಟ್ಟಡದ ಮಾಳಿಗೆಯಲ್ಲಿ ಒಂದು ಖೋಲಿ ಕೊಟ್ಟಿದೆ. ಅಲ್ಲಿ ಅವನು, ಅವನ ಹೆಂಡತಿ, ಗೋಡೆ ಹಿಡಿದು ನಿಲ್ಲಲು ಈಗಷ್ಟೇ ಕಲಿತ ಒಂದು ಮಗು. ಕೋಚ್ ಕೆಲಸ ಹೋದರೆ ಖೋಲಿಯೂ ಹೋಗುತ್ತದೆ. ಮುಂಬೈಯಲ್ಲಿ ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಖೋಲಿ ಹೋದರೆ ಊರಿನ ಗಾಡಿಯೇ ಗತಿ.

ಆ ಮಳೆಗಾಲದಲ್ಲಿ ಟೀಮು ಸೋತದ್ದೇ ಸೋತದ್ದು. ಮುಲುಂಡಿನವರ ಕೈಲಿ ಸೋತಿತು, ಘಾಟ್ಕೋಪರಿನವರ ಕೈಲಿ ಸೋತಿತು, ಕೊನೆಗೆ ಎದುರಿನವರು ತಡವಾಗಿ ಬಂದ ದಿನವೂ ಸೋತಿತು. ಕಟ್ಟೆಯವರಿಗೆ ಹೊಟ್ಟೆಯಲ್ಲಿ ಬೆಂಕಿ.

ಕಟ್ಟೆಯಲ್ಲಿ ನಡುವೆ ಕೂರುವವರು ಹೋಟೆಲಿನ ಧಣಿ, ಸಂಘದ ಅಧ್ಯಕ್ಷರು ಅವರೇ. ಅವರ ಎಡಕ್ಕೆ ರಿಟೈರಾದ ಬ್ಯಾಂಕಿನವರು. ಬಲಕ್ಕೆ ಪವಾಯಿಯ ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟುವವನು. ಅವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಅವನ ಕನ್ನಡ ಲೋಕಲ್ ರೈಲಿನ ಹಾಗೆ, ಪ್ರತಿ ಸ್ಟೇಷನಿನಲ್ಲೂ ನಿಲ್ಲುತ್ತದೆ.

"ಅವನನ್ನು ತೆಗೆಯಬೇಕು ಮಾರಾಯ್ರೆ," ಅಂದರು ಧಣಿ.

"ಸುಧಾರಿಸಲಿಕ್ಕೆ ಅವಕಾಶ ಕೊಟ್ಟದ್ದಾಯಿತು. ಇನ್ನು ಕ್ರಮ ಕೈಗೊಳ್ಳುವುದೇ," ಅಂದರು ಬ್ಯಾಂಕಿನವರು. ಅವರು ಬ್ಯಾಂಕಿನಲ್ಲಿದ್ದಾಗ ಕೈಗೊಂಡ ಕ್ರಮ ಊಟಕ್ಕೆ ಹೋಗುವುದು ಒಂದೇ.

ಪವಾಯಿಯವನು ನನ್ನ ಕಡೆ ತಿರುಗಿದ. "ಅಜ್ಜಿ, ಉಸ್ಕಾ ಸಿಸ್ಟಮ್ ಹೀ ಗಲತ್ ಇದೆ. ನಾಲ್ಕು-ನಾಲ್ಕು-ಎರಡು ಅಂತ ನಿಂತು ಈಗ ಯಾರು ಆಡ್ತಾರೆ?"

"ಮಗಾ, ಮೈದಾನಕ್ಕೆ ಬಂದದ್ದೇ ಒಂಬತ್ತು ಜನ. ನಾಲ್ಕು-ನಾಲ್ಕು-ಎರಡು ಎಲ್ಲಿಂದ ತರುತ್ತೀ?"

"ಬಾಕಿಯವರು ಕಿಧರ್?"

ನಾನು ಧಣಿಯ ಮುಖ ನೋಡಿದೆ. ಧಣಿ ಆಕಾಶ ನೋಡಿದರು. ಬಾಕಿಯವರು ಅವರದೇ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದರು. ಐದು ಗಂಟೆಗೆ ಪ್ರಾಕ್ಟೀಸು, ಐದು ಗಂಟೆಗೇ ಹೋಟೆಲಿನ ರಶ್ಶು.

"ಗಿರಾಕಿ ಕಾಯ್ತಾನಾ ಅಕ್ಕ?" ಅಂದರು.

"ಆಯಿತು ಧಣಿ. ನಿಮ್ಮ ಹೋಟೆಲಿನ ಸಾಂಬಾರು ಎಷ್ಟು ವರ್ಷದಿಂದ ಸೋಲುತ್ತಾ ಉಂಟು. ಅಡುಗೆಯವನನ್ನು ತೆಗೆದಿರಾ?"

"ಅವನನ್ನು ಹೇಗೆ ತೆಗೆಯುವುದು? ನಮ್ಮ ಮನೆಯವಳ ತಮ್ಮ ಅಲ್ಲವಾ."

"ಹಾಗಾದರೆ ಕೋಚಿನ ತಪ್ಪು ಇಷ್ಟೇ ನೋಡಿ. ಅವನಿಗೊಬ್ಬಳು ಅಕ್ಕ ಇದ್ದು ನಿಮಗೆ ಕೊಟ್ಟಿದ್ದರೆ ಸಾಯುವವರೆಗೂ ಅವನೇ ಕೋಚ್."

ದೇವಿಯ ಬಲ ಯಾವುದು

ಮೂರು ಜನಕ್ಕೆ ಮೂರು ಮಾತು. ಧಣಿಗೆ ಈ ವಾರವೇ ತೆಗೆಯಬೇಕು. ಬ್ಯಾಂಕಿನವರಿಗೆ ಮೊದಲು ಒಂದು ಸಮಿತಿ ಆಗಬೇಕು. ಪವಾಯಿಯವನಿಗೆ ಸ್ಪೇನಿನಿಂದ ಯಾರನ್ನಾದರೂ ತರಿಸಬೇಕು. ಸ್ಪೇನಿನವನು ಬಂದು ಆ ಖೋಲಿಯಲ್ಲಿ ಇರುತ್ತಾನಾ, ಕೆಳಗೆ ಹೋಗಿ ನೀರು ಹಿಡಿಯುತ್ತಾನಾ ಅಂತ ಕೇಳಿದರೆ ಮೊಬೈಲು ತೆಗೆದು ನೋಡುತ್ತಾನೆ.

ಕೊನೆಗೆ ಧಣಿಯೇ ಅಂದರು, "ಮನುಷ್ಯರು ಹೇಳುವುದು ಬೇಡ. ಮಾಟುಂಗಕ್ಕೆ ಹೋಗಿ ದೇವಿಯಲ್ಲೇ ಹೂವಿನ ಪ್ರಸಾದ ಕೇಳುವ."

ಲೋಕಲ್ ಹತ್ತಿ ಹೋದೆವು. ಮುದುಕಿ ಜೊತೆಗಿದ್ದರೆ ದೇವಿ ಕಿವಿ ಕೊಡುತ್ತಾಳೆ ಅಂತ ನನ್ನನ್ನೂ ಎಳೆದುಕೊಂಡು ಹೋದರು. ದೇವಸ್ಥಾನದ ಭಟ್ಟರು ದೇವಿಯ ಎರಡೂ ಭುಜಕ್ಕೆ ಒಂದೊಂದು ಹೂವು ಏರಿಸಿದರು. ಧಣಿ ಕೈಮುಗಿದು, ಮನಸ್ಸಿನಲ್ಲಿ ಕೇಳಬೇಕಾದ್ದನ್ನು ಇಡೀ ದೇವಸ್ಥಾನಕ್ಕೆ ಕೇಳುವ ಹಾಗೆ ಕೇಳಿದರು: "ಅಮ್ಮಾ, ಕೋಚನ್ನು ತೆಗೆಯಬೇಕಾದರೆ ಬಲದ ಹೂವು ಕೊಡು. ಇಟ್ಟುಕೊಳ್ಳಬೇಕಾದರೆ ಎಡದ್ದು."

ಭಟ್ಟರು ಮಂಗಳಾರತಿ ಎತ್ತಿದರು. ಹೂವು ಬಿತ್ತು.

"ಬಲ," ಅಂದರು ಧಣಿ. "ಆಯಿತಲ್ಲ, ನಡೀರಿ."

"ಅದು ನಮ್ಮ ಬಲ ಮಾರಾಯ್ರೆ," ಅಂದರು ಬ್ಯಾಂಕಿನವರು. "ದೇವಿ ನಮ್ಮ ಕಡೆ ಮುಖ ಮಾಡಿ ಕೂತದ್ದು. ಅವಳಿಗೆ ಅದು ಎಡ."

"ಕೇಳಿದವನು ನಾನು. ನನ್ನ ಬಲವೇ ಬಲ."

"ಕೊಟ್ಟವಳು ಅವಳು. ಅವಳ ಎಡವೇ ಎಡ."

ಪವಾಯಿಯವನು ಭಟ್ಟರ ಹತ್ತಿರ ಹೋಗಿ ಮೆತ್ತಗೆ ಕೇಳಿದ, "ಭಟ್ಟರೇ, ರಿಪ್ಲೇ ಸಿಗ್ತದಾ?"

ಭಟ್ಟರು ಮಂಗಳಾರತಿ ತಟ್ಟೆ ಕೆಳಗಿಟ್ಟರು. "ಪ್ರಸಾದ ಅಂದರೆ ಯಾವತ್ತೂ ದೇವಿಯ ಎಡ-ಬಲ. ಎಡಕ್ಕೆ ಬಿದ್ದಿದೆ, ಕೋಚನ್ನು ಇಟ್ಟುಕೊಳ್ಳಿ ಅಂತ ಅಪ್ಪಣೆ."

"ಇನ್ನೊಮ್ಮೆ ಕೇಳಿ ಭಟ್ರೆ." ಕೇಳಿದರು. ಮತ್ತೆ ಎಡಕ್ಕೇ ಬಿತ್ತು. "ಇನ್ನೊಂದೇ ಒಂದು ಸಲ," ಅಂದರು ಧಣಿ.

"ಧಣಿಗಳೇ, ಇನ್ನೊಮ್ಮೆ ಕೇಳಿದರೆ ದೇವಿ ಕೋಚನ್ನು ಬಿಟ್ಟು ಅಧ್ಯಕ್ಷರನ್ನು ತೆಗೆಯಲಿಕ್ಕೆ ಹೇಳಿಯಾಳು," ಅಂದರು ಭಟ್ಟರು.

ವಾಪಸು ಬರುವಾಗ ಕುರ್ಲಾದವರೆಗೆ ಧಣಿ ಆ ಹೂವನ್ನೇ ಆಚೆ ಈಚೆ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಅಂದರು, "ದೇವಿಗೆ ಎಲ್ಲ ಗೊತ್ತುಂಟು ಅಕ್ಕ. ಫುಟ್‌ಬಾಲ್ ಒಂದು ಬಿಟ್ಟು."

ಹೇಳಲಿಕ್ಕೆ ಹೋದವರು

ಧಣಿಗೆ ಇಷ್ಟು ಅವಸರ ಯಾಕೆ ಅಂತ ನನಗೆ ಅದರ ಮರುದಿನ ಗೊತ್ತಾಯಿತು. ಅವರು ಮದುವೆ ಅಡುಗೆಯ ಕಂತ್ರಾಟು ಶುರು ಮಾಡಿದ್ದರು. ಕೊಪ್ಪರಿಗೆ, ಹಂಡೆ, ಸೌಟುಗಳನ್ನು ಇಡಲಿಕ್ಕೆ ಜಾಗ ಇಲ್ಲದೆ ಸ್ವಂತ ಮಂಚದ ಅಡಿಯಲ್ಲಿ ತುಂಬಿಸಿದ್ದರು. ಸಂಘದ ಮಾಳಿಗೆಯ ಖೋಲಿ ಖಾಲಿಯಾದರೆ ಕೊಪ್ಪರಿಗೆಗಳಿಗೆ ಗಾಳಿ ಬೆಳಕು ಸಿಗುತ್ತಿತ್ತು. ಅದಕ್ಕೆ ಒಂದು ಸಂಸಾರ ಬೀದಿಗೆ ಬರಬೇಕು. ಹೊರಗೆ ಹೇಳಲಿಕ್ಕೆ ಫುಟ್‌ಬಾಲಿನ ಹೆಸರು.

ದೇವಿಯ ಮಾತನ್ನು ಬದಿಗಿಟ್ಟು ಮೂವರೂ ಕೋಚಿಗೆ ಹೇಳಿಯೇ ಬಿಡುವುದು ಅಂತ ಮಾಳಿಗೆ ಹತ್ತಿದರು. ಮಗುವಿಗೆ ಹಚ್ಚಲು ಎಣ್ಣೆ ತಂದಿದ್ದೇನೆ ಅಂತ ನಾನೂ ಹಿಂದಿನಿಂದ ಹತ್ತಿದೆ. ಧಣಿ ಒಳಗೆ ಬಂದವರೇ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದರು.

ಕೋಚಿನ ಹೆಂಡತಿ ಬಾಗಿಲಲ್ಲೇ ಅರ್ಥ ಮಾಡಿಕೊಂಡಳು. ಆದರೂ ಮುಖದಲ್ಲಿ ತೋರಿಸಿಕೊಳ್ಳದೆ ತಟ್ಟೆ ಹಾಕಿದಳು. ಬಿಸಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ.

"ಮೊದಲ ಉಣ್ರಿ. ಹಸದ ಹೊಟ್ಟೀಲೆ ಯಾವ ಸುದ್ದೀನೂ ಹೇಳಬಾರ್ದ್ರಿ," ಅಂದಳು.

ಕೂತರು. ಬ್ಯಾಂಕಿನವರು ಎರಡನೆಯ ರೊಟ್ಟಿಯಲ್ಲಿ ಕ್ರಮ ಕೈಗೊಳ್ಳುವುದನ್ನು ಮರೆತರು. ಪವಾಯಿಯವನು ಹಿಂಡಿ ಹೇಗೆ ಮಾಡುವುದು ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ಸ್ವಂತ ಹೋಟೆಲಿನ ಊಟ ಉಂಡು ಉಂಡು ನಾಲಗೆ ಸತ್ತ ಧಣಿ ಎಣ್ಣೆಗಾಯಿಯನ್ನು ಮೂರು ಸಲ ಹಾಕಿಸಿಕೊಂಡರು.

ಕೈ ತೊಳೆದ ಮೇಲೆ ಕೋಚ್ ಕೇಳಿದ, "ಏನೋ ಹೇಳಾಕ ಬಂದೀರಂತ ಕಾಣಸ್ತೈತ್ರಿ."

ಉಂಡ ಮನೆಯಲ್ಲಿ, ಬಾಯಲ್ಲಿ ಬೆಳ್ಳುಳ್ಳಿಯ ಪರಿಮಳ ಇರುವಾಗ, ಖೋಲಿ ಬಿಡು ಅಂತ ಹೇಗೆ ಹೇಳುವುದು?

"ಎಂತ ಇಲ್ಲ," ಅಂದರು ಧಣಿ. "ಮಳೆಗಾಲ ಅಲ್ಲವಾ. ಚಾವಣಿ ಸೋರ್ತದಾ ಅಂತ ನೋಡಿ ಹೋಗುವ ಅಂತ."

"ಸೋರತೈತ್ರಿ."

"ನೋಡಿ. ಅದಕ್ಕೇ ಬಂದದ್ದು."

ಅವರೆಲ್ಲ ಇಳಿದು ಹೋದ ಮೇಲೆ ಅವಳು ನನ್ನ ಹತ್ತಿರ ಬಂದು ಕೂತಳು. "ಆಯಿ, ಈ ಸಲ ಉಳದ್ವಿ. ಮುಂದಿನ ಸಲ ಏನ್ ಮಾಡಿ ಹಾಕಲಿ?" ಅವಳು ನಗುತ್ತಲೇ ಕೇಳಿದ್ದು. ಪರದೆಯ ಹಿಂದೆ ಕಟ್ಟಿಟ್ಟ ಟ್ರಂಕು ನನಗೆ ಕಾಣುತ್ತಿತ್ತು.

ಖೋಲಿ ಬಿಡಿಸಲು ಮಾಳಿಗೆ ಹತ್ತಿದ್ದ ಧಣಿ ಮರುದಿನ ಡಾಂಬರು ಬಳಿಯುವವನನ್ನು ಕಳಿಸಿ, ಸೋರುವ ಚಾವಣಿಯನ್ನು ಸ್ವಂತ ಖರ್ಚಿನಲ್ಲಿ ಮುಚ್ಚಿಸಿಕೊಟ್ಟರು.

ಶಾಲು

ಮುಖಕ್ಕೆ ಹೇಳಲಿಕ್ಕೆ ಧೈರ್ಯ ಇಲ್ಲದವರಿಗೆ ದಾರಿ ತೋರಿಸಿದವರು ಬ್ಯಾಂಕಿನವರು. "ನಮ್ಮ ಬ್ಯಾಂಕಿನಲ್ಲಿ ಯಾರನ್ನಾದರೂ ಕಳಿಸಬೇಕಾದರೆ ಸನ್ಮಾನ ಮಾಡುತ್ತಿದ್ದೆವು. ಶಾಲು, ಪೇಟ, ಹಣ್ಣಿನ ಬುಟ್ಟಿ. ಇಷ್ಟು ವರ್ಷದ ಸೇವೆಗೆ ಧನ್ಯವಾದ ಅಂದರೆ ಮನುಷ್ಯ ತಾನೇ ಅರ್ಥ ಮಾಡಿಕೊಂಡು ಹೋಗುತ್ತಾನೆ."

ಸಂಘದ ವಾರ್ಷಿಕೋತ್ಸವ ಹತ್ತಿರವೇ ಇತ್ತು. ಧಣಿ ದಾದರಿಗೆ ಹೋಗಿ ಜರಿ ಅಂಚಿನ ಶಾಲು ತಂದರು. ಓಡಿಸುವ ಕೆಲಸಕ್ಕೆ ಕೈ ಬಿಚ್ಚಿ ಖರ್ಚು ಮಾಡುವ ಬುದ್ಧಿ ಅವರಿಗೆ ಹೇಗೋ ಬಂದಿತ್ತು.

ಆ ಸಂಜೆ ಸಭೆ ತುಂಬಿತ್ತು. ಕೋಚನ್ನು ವೇದಿಕೆಯಲ್ಲಿ ಕೂರಿಸಿ ಪೇಟ ಇಟ್ಟರು. ಅವನ ಹೆಂಡತಿ ನನ್ನ ಪಕ್ಕ ಕೂತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕೈ ಹಿಡಿದಿದ್ದಳು. ಕೈ ತಣ್ಣಗಿತ್ತು.

ಸಂಘದ ವೇದಿಕೆಗೆ ಒಂದು ರೋಗ ಉಂಟು. ಮೈಕು ಹಿಡಿದವನು ಯಾರನ್ನೂ ಬೈಯಲಾರ. ಹಿಂದಿನವನು ಒಂದು ಬುಟ್ಟಿ ಹೊಗಳಿದರೆ ಮುಂದಿನವನು ಎರಡು ಬುಟ್ಟಿ ಹೊಗಳಬೇಕು, ಇಲ್ಲದಿದ್ದರೆ ಚಪ್ಪಾಳೆ ಕಡಿಮೆಯಾಗುತ್ತದೆ.

ಮೊದಲು ಪವಾಯಿಯವನು ಎದ್ದ. ಸಿಸ್ಟಮ್ ಗಲತ್ ಅಂತ ಹೇಳಬೇಕು ಅಂತಲೇ ಎದ್ದವನು ಜನರನ್ನು ನೋಡಿ ಬೆವರಿದ. "ಕೋಚ್ ಸರ್ ಬಹುತ್... ಒಳ್ಳೆ ಮನುಷ್ಯ ಇದೆ. ಅವರ ಮನೆಯ ಹಿಂಡಿ ಭೀ ಬಹುತ್ ಒಳ್ಳೆದು ಇದೆ." ಚಪ್ಪಾಳೆ.

ಬ್ಯಾಂಕಿನವರು ಆ ಚಪ್ಪಾಳೆಯನ್ನು ಬಿಟ್ಟುಕೊಡುತ್ತಾರಾ? "ಇಂಥ ನಿಸ್ವಾರ್ಥ ಜೀವ ದೀಪ ಹಿಡಿದು ಹುಡುಕಿದರೂ ಸಿಗದು," ಅಂದರು. ಇನ್ನೂ ಜೋರು ಚಪ್ಪಾಳೆ.

ಈಗ ಅಧ್ಯಕ್ಷರು. "ಬಂಧುಗಳೇ, ಸೋಲು ದೊಡ್ಡದಲ್ಲ. ಇವರಿಲ್ಲದ ನಮ್ಮ ಟೀಮು ಉಪ್ಪಿಲ್ಲದ ಸಾಂಬಾರು."

"ಅದು ನಿಮ್ಮ ಹೋಟೆಲಿನಲ್ಲೇ ಉಂಟು," ಅಂತ ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು. ಧಣಿ ಅದನ್ನೂ ಹೊಗಳಿಕೆ ಅಂತಲೇ ತಿಳಿದರು. ಚಪ್ಪಾಳೆ ಏರಿತು, ಅದರ ಜೊತೆ ಧಣಿಯೂ ಏರಿದರು. ಎದೆ ಉಬ್ಬಿಸಿ ಅಂದರು, "ಈ ಸಭೆಗೆ ನಾನು ಮಾತು ಕೊಡುತ್ತೇನೆ. ನಾನು ಅಧ್ಯಕ್ಷನಾಗಿರುವವರೆಗೆ ಈ ಸಂಘಕ್ಕೆ ಇವರೇ ಕೋಚ್."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬ್ಯಾಂಕಿನವರು ಹಿಂದಿನಿಂದ ಧಣಿಯ ಅಂಗಿ ಜಗ್ಗಿದರು. ಧಣಿ ತಿರುಗಿ ಮೆಲ್ಲಗೆ ಕೇಳಿದರು, "ಎಂತ? ನಾನೀಗ ಎಂತ ಹೇಳಿದ್ದು?"

ಮೈಕು ಬಾಯಿಯ ಹತ್ತಿರವೇ ಇತ್ತು. ಇಡೀ ಸಭೆಗೆ ಕೇಳಿತು.

ಕೋಚ್ ಎದ್ದು ನಿಂತ. ಪೇಟ ಸರಿಮಾಡಿಕೊಂಡ. "ಹಿರ್ಯಾರು ಇಷ್ಟ ಮಂದಿ ಮುಂದ ಮಾತ ಕೊಟ್ಟಾರ. ನಾ ಹೆಂಗ ಒಲ್ಲೆ ಅನ್ನಲಿ? ಒಂದ ಬೇಡ್ಕೊಳ್ಳೂದೈತ್ರಿ. ಸಂಜೀ ಐದಕ್ಕ ಹುಡುಗ್ರನ್ನ ಹೋಟೆಲ್‌ನಿಂದ ಬಿಡಬೇಕ್ರಿ."

ಜನ ಧಣಿಯ ಮುಖ ನೋಡಿದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಹೋಟೆಲಿನ ಹುಡುಗರೂ ನೋಡಿದರು. ಧಣಿ ತಮ್ಮ ಕೈಯಾರೆ ತಂದ ಶಾಲನ್ನು ತಮ್ಮ ಕೈಯಾರೆ ಅವನ ಹೆಗಲಿಗೆ ಹೊದಿಸಿ, ಆಗಲಿ ಅಂತ ತಲೆ ಆಡಿಸಿದರು. ನನ್ನ ಕೈ ಹಿಡಿದಿದ್ದ ಕೈ ಆಗ ಬೆಚ್ಚಗಾಯಿತು.

ಇನ್ನು ಒಬ್ಬೊಬ್ಬರೂ ಏನಾದರು ಅಂತ ಹೇಳಿ ಚಹಾ ಇಡುತ್ತೇನೆ.

ಬ್ಯಾಂಕಿನವರು ಕೋಚನ್ನು ಬಿಟ್ಟಿದ್ದಾರೆ. ಈಗ ಅವರಿಗೆ ರೆಫರಿಯನ್ನು ತೆಗೆಯಬೇಕು, ಸಮಿತಿ ಆಗಬೇಕು. ಪವಾಯಿಯವನಿಗೆ ಪುಣೆಗೆ ವರ್ಗವಾಯಿತು, ಅಲ್ಲಿಂದಲೇ ಯಾರು ಎತ್ತ ಓಡಬೇಕು ಅಂತ ಬಾಣದ ಗುರುತು ಹಾಕಿದ ಚಿತ್ರ ಕಳಿಸುತ್ತಾನೆ. ಯಾರೂ ತೆರೆದು ನೋಡುವುದಿಲ್ಲ. ಧಣಿಯ ಭಾವಮೈದ ಅದೇ ಸಾಂಬಾರು ಮಾಡುತ್ತಿದ್ದಾನೆ. ಟೀಮು ಈಗಲೂ ಸೋಲುತ್ತದೆ, ಆದರೆ ಈಗ ಹನ್ನೊಂದು ಜನ ಸೇರಿ ಸೋಲುತ್ತಾರೆ. ಒಮ್ಮೆ ಗೆದ್ದದ್ದೂ ಉಂಟು, ಆ ದಿನ ಕಟ್ಟೆಯಲ್ಲಿ ಯಾರೂ ಇರಲಿಲ್ಲ.

ಧಣಿ ಇನ್ನೂ ಅಧ್ಯಕ್ಷರೇ. ಕೋಚನ್ನು ತೆಗೆಯಬೇಕಾದರೆ ಮೊದಲು ಅವರು ಕುರ್ಚಿ ಬಿಡಬೇಕು. ಟೀಮು ನೂರು ವರ್ಷ ಸೋತರೂ ಅವರು ಅದನ್ನು ಬಿಡುವವರಲ್ಲ. ಹಾಗಾಗಿ ಈಗಲೂ ಕೊಪ್ಪರಿಗೆಗಳ ಮೇಲೆಯೇ ಮಲಗುತ್ತಾರೆ.

ಕೋಚಿನ ಹೆಂಡತಿ ಟ್ರಂಕು ಬಿಚ್ಚಿದಳು. ಮಗು ಈಗ ಮಾಳಿಗೆಯಿಂದ ಕೆಳಗೆ ಚೆಂಡು ಒದೆಯುತ್ತದೆ. ಆ ಜರಿ ಶಾಲನ್ನು ಅವಳು ಕಿಟಕಿಗೆ ಪರದೆ ಮಾಡಿ ಕಟ್ಟಿದ್ದಾಳೆ. ದಿನಾ ಸಂಜೆ ಧಣಿ ಕಟ್ಟೆಯ ಮೇಲೆ ಕೂತು, ಈ ಕೋಚಿನಿಂದ ಎಂತ ಆಗ್ತದೆ ಅಂತ ಶುರು ಮಾಡಲು ತಲೆ ಎತ್ತುತ್ತಾರೆ. ಎದುರಿನ ಮಾಳಿಗೆಯ ಕಿಟಕಿಯಲ್ಲಿ ಅವರದೇ ಶಾಲು ಹಾರಾಡುತ್ತಾ ಇರುತ್ತದೆ.